ಬೆಂಡು ಮೇಲೆ, ಗುಂಡು ಕೆಳಗೆ

೧೯ ಡಿಸೆಂಬರ್ ೧೯೮೨, ಭಾನುವಾರ. ಹೊನ್ನಾವರ.

ಕೊಡೆ ಪ್ರಯೋಗ ಫೇಲ್. ಬಟ್ಟೆ ಹರಿದ ಹಳೆ ಕೊಡೆಯನ್ನು ತೊಳೆದು, ತಲೆಕೆಳಗಾಗಿ ಜಂತಿಗೆ ಕಟ್ಟಿ, ಒಂದೊಂದು ಕಡ್ಡಿಗೂ ಒಂದೊಂದು ಗ್ರೀಟಿಂಗ್ ಕಾರ್ಡನ್ನು ಕ್ಲಿಪ್ ಹಾಕಿ ಸಿಕ್ಕಿಸಿದ್ದೆ. ಚೆಂದವೇ ಇತ್ತು. ಹೊಳೆ ಕಡೆಯಿಂದ ಗಾಳಿ ಬಂತು. ಕೊಡೆ ಗಿರಗಿರ ತಿರುಗಿ, ಐಸ್ ಫ್ಯಾಕ್ಟರಿ ಪಾಳಿ ಮುಗಿಸಿ ಒಳಗೆ ಕಾಲಿಟ್ಟ ಇವರ ತಲೆಯ ಮೇಲೇ ಇಳಿಯಿತು.

"ನಿನ್ನ ಗೆಳತಿಯರೆಲ್ಲ ಒಟ್ಟಿಗೇ ಬಂದು ಬಿದ್ರು ಕಾಣು" ಎಂದರು, ತಲೆ ಸವರಿಕೊಳ್ಳುತ್ತ.

ಗೆಳತಿಯರದೇ ಕಾರ್ಡುಗಳು, ಸುಳ್ಳಲ್ಲ. ಕುಮಟೆಯಲ್ಲಿ ಟಿ.ಸಿ.ಎಚ್. ಮುಗಿಸಿದ ದಿನ ಎಲ್ಲರೂ ಆಣೆ ಹಾಕಿಕೊಂಡಿದ್ದೆವು — ಯಾವ ಊರಿನ ಶಾಲೆಗೆ ಹಾಕಿದರೂ ಹೊಸ ವರ್ಷಕ್ಕೆ ಕಾರ್ಡು ತಪ್ಪಿಸಬಾರದು. ಹೋದ ವರ್ಷದವನ್ನು ಟ್ರಂಕಿನಲ್ಲಿಟ್ಟು ಇಲಿಗೆ ಊಟ ಹಾಕಿದ್ದಾಯಿತು. ಈ ಸಲ ಎಲ್ಲವೂ ಗೋಡೆಯ ಮೇಲೆ. ಪಕ್ಕದ ಮನೆ ಕಾತ್ರಿನ್ ಬಾಯಿ ಕ್ರಿಸ್‌ಮಸ್ ಕಾರ್ಡುಗಳನ್ನು ದಾರಕ್ಕೆ ನೇತುಹಾಕಿ ಮೆರೆಯುತ್ತಾರೆ. ನಾನು ಬಿಡುತ್ತೇನೆಯೇ... ಆದರೆ ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ. ಮನೆಯ ಹಳೆ ಸಾಮಾನಿನಲ್ಲೇ ಆಗಬೇಕು. ಅದೇ ಮಜಾ.

೨೨ ಡಿಸೆಂಬರ್, ಬುಧವಾರ

ಗೆರಸಿ ಪ್ರಯೋಗವೂ ಫೇಲ್. ಅಂಚು ಬಿಟ್ಟುಹೋದ ಆ ಮೊರದ ಹೆಣಿಗೆಯಲ್ಲಿ ಕಾರ್ಡು ಸಿಕ್ಕಿಸಿ ಗೋಡೆಗೆ ಹೊಡೆದಿದ್ದೆ. ಶಾಲೆಯಿಂದ ಬರುವಷ್ಟರಲ್ಲಿ ಅತ್ತೆ ಅದನ್ನಿಳಿಸಿ, ಕಾರ್ಡು ಸಮೇತ ಅಕ್ಕಿ ಗೇರುತ್ತ ಕೂತಿದ್ದಾರೆ. ಮಂಕಿ ಶಾಲೆಯ ಗೆಳತಿ ಮಂಗಲಾ ಕಳಿಸಿದ ಗುಲಾಬಿ ಹೂವಿನ ತುಂಬ ತೌಡು.

"ಗೆರಸಿಗೆ ಚಿತ್ರ ಎಂತಕ್ಕೆ ಮಗಾ? ಹೊಸತರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗ್ದನಂತೆ."

ನಕ್ಕೆ. ಅತ್ತೆ ದುರ್ಗಮ್ಮ ಎಂದರೆ ಮೀನುಪೇಟೆಯಲ್ಲಿ ಎಲ್ಲರೂ ನಡುಗುತ್ತಾರೆ. ನನಗೇಕೋ ಹೆದರಿಕೆ ಬಂದೇ ಇಲ್ಲ.

೨೬ ಡಿಸೆಂಬರ್, ಭಾನುವಾರ

ಕಾತ್ರಿನ್ ಬಾಯಿಯ ಮನೆಯಿಂದ ಕ್ರಿಸ್‌ಮಸ್ ತಿಂಡಿಯ ತಟ್ಟೆ ಬಂತು. ಇವರು ಅರ್ಧ ಖಾಲಿ ಮಾಡಿದ ಮೇಲೆ ಹಿತ್ತಲಿನ ಕೊಟ್ಟಿಗೆ ವಿಚಾರ ತೆಗೆದರು. ಸಂಕ್ರಾಂತಿ ಕಳೆದ ಮೇಲೆ ಭಟ್ಕಳದ ಗುಜರಿ ಸಾಬರು ಬಂದು ಅಲ್ಲಿ ರಾಶಿ ಬಿದ್ದಿರುವ ರಂಪಣಿ ಬಲೆ ಒಯ್ಯುತ್ತಾರಂತೆ. ಆಮೇಲೆ ಕೊಟ್ಟಿಗೆಯೇ ನಮಗೊಂದು ಕೋಣೆ.

ಮಾವ ಆ ರಂಪಣಿಯ ಮುಖ್ಯಸ್ಥರಾಗಿದ್ದವರು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ಬಲೆ. ಯಂತ್ರದ ದೋಣಿಗಳು ಬಂದ ಮೇಲೆ ಮೀನು ದಡದ ಹತ್ತಿರ ಸುಳಿಯುವುದಿಲ್ಲ. ಒಬ್ಬೊಬ್ಬರೇ ಬಿಟ್ಟರು. ಮೊದಲು ಬಿಟ್ಟು ಟ್ರಾಲರ್ ಹತ್ತಿದವನು ತಿಮ್ಮಪ್ಪ, ಮಾವನ ಜೊತೆ ಚಡ್ಡಿ ಹಾಕುವ ಮೊದಲಿನಿಂದ ಆಡಿದವನು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹೆಂಡತಿಯರು ಮಾತ್ರ ಪೇಟೆಯಲ್ಲಿ ಅಕ್ಕಪಕ್ಕ ಕೂತು ಮೀನು ಮಾರುತ್ತಾರೆ. ಗುಜರಿಯ ಸುದ್ದಿಯೂ ಹಾಗೇ, ಅತ್ತೆಯಿಂದ ಗಂಗಕ್ಕನಿಗೆ, ಗಂಗಕ್ಕನಿಂದ ಗಂಡ ತಿಮ್ಮಪ್ಪನಿಗೆ. ಅಲ್ಲಿಂದ "ಆತು" ಬಂತು. ಮಾವನೂ "ಆತು" ಎಂದರು.

ಮಾವ ಈಗ ಎಲ್ಲದಕ್ಕೂ "ಆತು". ಊಟಕ್ಕೆ ಕರೆದರೂ ಆತು, ಊಟ ಬೇಡವೇ ಎಂದರೂ ಆತು.

೧ ಜನವರಿ ೧೯೮೩

ಗೆದ್ದೆ. ಸಿಕ್ಕಿತು — ಬಲೆ!

ಹೇಗೂ ಗುಜರಿಗೆ ಹೋಗುವುದು. ಮಾವ ಮಂಕಿಗೆ ಮಗಳ ಮನೆಗೆ ಹೋಗಿದ್ದಾರೆ, ಅತ್ತೆ ಬೆಳಗಿನಿಂದ ಪೇಟೆಯಲ್ಲಿ. ಕೊಟ್ಟಿಗೆಗೆ ಹೋಗಿ ರಾಶಿಯಲ್ಲಿ ಹುಡುಕಿದೆ. ಒಂದು ಕಡೆ ಹಗ್ಗಕ್ಕೆ ಕೆಂಪು ಅಂಚಿನ ಸೀರೆಯ ಚೂರು ಗಂಟು ಹಾಕಿತ್ತು, ರಿಬ್ಬನ್ ಕಟ್ಟಿದ ಹಾಗೆ. ಅದೇ ತುಂಡು ಬೇಕೆನಿಸಿತು. ಜೋಡಿಸಿದ ಹುರಿಗೆ ಕತ್ತರಿ ಹಾಕಿ ಬಿಡಿಸಿಕೊಂಡೆ. ಮಡಚಿ ಮಡಚಿ ಗೋಡೆಯ ಅಗಲಕ್ಕೆ ತಂದೆ. ಭಾರದ ಗುಂಡುಗಳಿದ್ದ ಅಂಚನ್ನು ಮೊಳೆಗೆ ಬಿಗಿದು, ಹಗುರಾದ ಮರದ ಬೆಂಡುಗಳನ್ನು ಕೆಳಗೆ ಜುಮುಕಿಯ ಹಾಗೆ ಬಿಟ್ಟೆ. ಕಣ್ಣುಕಣ್ಣಿಗೂ ಕಾರ್ಡು. ಶಿರಸಿಯ ನವಿಲು, ಕಾರವಾರದ ಹಡಗು, ತೌಡು ಒರೆಸಿದ ಗುಲಾಬಿ.

ಇವರು ಸುತ್ತ ನೋಡಿ, "ಮೂಗಿಗಿಂತ ಮೂಗುತಿ ಭಾರ" ಎಂದರು. ಖುಷಿಯಾಗಿದೆ ಎಂದು ಅರ್ಥ. ಸಂಜೆ ಬಂದ ಅತ್ತೆ ಮಾತ್ರ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಹಿಡಿದರು. ಯಾಕೆಂದು ಕೇಳಿದ್ದಕ್ಕೆ, "ನಿನ್ನ ಮಾವ ಬರ್ಲಿ" ಎಂದರು ಅಷ್ಟೆ.

೩ ಜನವರಿ, ಸೋಮವಾರ

ಮಾವ ಬಂದರು. ಗೋಡೆ ನೋಡಿದರು. ಹತ್ತಿರ ಹೋಗಿ ಆ ಕೆಂಪು ಚೂರಿನತ್ತ ಕೈ ಚಾಚಿ, ಮುಟ್ಟದೆ ಹಿಂದೆ ತೆಗೆದರು. ಜಗಲಿಗೆ ಹೋಗಿ ಕೂತರು.

ಅತ್ತೆ ಹೇಳಿದ ಮೇಲೆ ತಿಳಿಯಿತು ನಾನು ಮಾಡಿದ ಘನಂದಾರಿ ಕೆಲಸ. ರಂಪಣಿ ಒಂದು ಮನೆಯ ಬಲೆಯಲ್ಲ. ಪ್ರತಿ ಮನೆಯೂ ತನ್ನ ತುಂಡು ಹೆಣೆದು ತರಬೇಕು, ಎಲ್ಲ ಜೋಡಿಸಿದರೆ ಬಲೆ. ಯಾರ ತುಂಡು ಯಾರದೆಂದು ಗುರುತಿಗೆ ಆ ಮನೆಯ ಹೆಂಗಸಿನ ಸೀರೆ ಚೂರು. ಜೋಡಿಸಿದ ಹುರಿಯ ಗಂಟು ಬಿಚ್ಚುತ್ತಾರೆಯೇ ಹೊರತು ಕತ್ತರಿ ಹಾಕುವುದಿಲ್ಲ.

"ಅದು ಗಂಗೆ ಸೀರೆ ಮಗಾ. ತಿಮ್ಮಪ್ಪನ ತುಂಡು."

ನಮ್ಮಪ್ಪ ಕುಮಟೆ ಬಸ್ ಡಿಪೋದಲ್ಲಿ ಟಿಕೆಟ್ ಹರಿದವರು. ನನಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅತ್ತುಬಿಟ್ಟೆ. ಕಿತ್ತು ಒಳಗಿಡುತ್ತೇನೆ ಎಂದೆ.

ಮಾವ ಜಗಲಿಯಿಂದಲೇ ಹೇಳಿದರು, ಈ ಮನೆಗೆ ಬಂದ ಮೇಲೆ ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಮಾತು: "ಗುಜರಿಗೆ ಹೋಗೂದು ಬೇರೆ. ಅಂವನ ತುಂಡು ಅಂವಂಗೆ ಕೇಳ್ದೆ ನಮ್ಮನೆ ಗೋಡೆಗೆ ಬಂತು. ಹೇಳೂಕೆ ನಾನೇ ಹೋಗ್ಬೇಕು."

೪ ಜನವರಿ, ಮಂಗಳವಾರ. ಸಂಜೆ

ಮಾವ ಇಸ್ತ್ರಿ ಅಂಗಿ ಹಾಕಿ ಹೊರಟರು. ತಪ್ಪು ನನ್ನದು, ಹಿಂದೆ ನಾನೂ. ಕೂಗಿದರೆ ಕೇಳುವಷ್ಟು ಹತ್ತಿರದ ಮನೆ. ಅಲ್ಲಿಗೆ ಹೋಗಲು ಮಾವನಿಗೆ ಮೂರು ವರ್ಷ ಬೇಕಾಯಿತು.

ಅಂಗಳದಲ್ಲಿ ನಿಂತು ಮಾವ ಕೆಮ್ಮಿದರು. ತಿಮ್ಮಪ್ಪ ಜಗಲಿಯಲ್ಲಿ ಬೀಡಿ ಹಿಡಿದು ಕೂತಿದ್ದವನು ಎದ್ದು ನಿಂತ. ಇಬ್ಬರೂ ಕಂಬಗಳು. ಕೊನೆಗೆ ನಾನೇ ಬಡಬಡನೆ ಎಲ್ಲ ಹೇಳಿದೆ — ಕೊಡೆ, ಗೆರಸಿ, ಕತ್ತರಿ, ಕೆಂಪು ಚೂರು.

"ಎಂತ ಕಾರ್ಡು?" ಎಂದ ತಿಮ್ಮಪ್ಪ. ಬೀಡಿ ಆರಿಸಿದ. "ಕಾಣೂಕೆ ಬರ್ತೆ."

ಬಂದ. ಬಾಗಿಲು ದಾಟಿ ಗೋಡೆ ನೋಡಿದ. ಭುಜ ಅಲುಗಿತು. ಅಳುತ್ತಾನೆಂದುಕೊಂಡೆ. ನಗುತ್ತಿದ್ದ, ನೆಲಕ್ಕೆ ಕೂತು.

"ಮಾಸ್ತಿ, ಬೆಂಡು ಕೆಳಗೆ, ಗುಂಡು ಮೇಲೆ! ನಿಮ್ಮನೇಲಿ ಮೀನು ಆಕಾಶದಿಂದ ಬರ್ತದ್ಯ?" ಎಂದ, ಮಾವನ ಹೆಸರು ಹಿಡಿದು.

ಮಾವ ನನ್ನತ್ತ ಕೈ ತೋರಿಸಿದರು. "ಅವ್ಳು ಶಾಲೆ ಅಕ್ಕೋರು. ಅವ್ಳ ಮೀನು ಪೋಸ್ಟಲ್ಲಿ ಬರ್ತದೆ."

ಅತ್ತೆ ಒಳಗಿನಿಂದ ಓಡಿ ಬಂದರು, ಮಾವ ತಮಾಷೆ ಮಾಡಿದ್ದು ನಿಜವೇ ಎಂದು ನೋಡಲು.

ಆಮೇಲೆ ಇಬ್ಬರೂ ಕಾರ್ಡುಗಳನ್ನು ನನ್ನ ಮಡಿಲಿಗೆ ಹಾಕಿ, ಬಲೆಯನ್ನು ತಿರುವಿ, ಬೆಂಡು ಮೇಲೆ ಮಾಡಿ ಕಟ್ಟಿದರು. ಕಟ್ಟುವಾಗ ಜಗಳ. ಬಲಗಡೆ ಜಾಸ್ತಿ ಆಯಿತೆಂದು ಮಾವ, ಎಡಗಡೆ ಸಡಿಲೆಂದು ಅವನು. ಕೇಳಲು ಎಷ್ಟು ಹಿತವಾಗಿತ್ತು. ತಲೆಕೆಳಗೆಂದು ಗೊತ್ತಿದ್ದೂ ನಿನ್ನೆಯೇ ಯಾಕೆ ಸರಿ ಮಾಡಲಿಲ್ಲ ಎಂದು ಮಾವನನ್ನು ಕೇಳಿದೆ.

"ಕೇಳ್ದೆ ಬೇರೆಯವರ ಬಲೆ ಮುಟ್ಟೂಕಾಗ್ತದಾ?"

೧೫ ಜನವರಿ, ಶನಿವಾರ

ಬರೆಯಲು ಪುರುಸೊತ್ತೇ ಆಗಲಿಲ್ಲ. ಕಾತ್ರಿನ್ ಬಾಯಿ ಬಂದು ನೋಡಿ ತಮಗೂ ಒಂದು ಬೇಕೆಂದರು, ದಾರ ಓಲ್ಡ್ ಫ್ಯಾಷನ್ ಅಂತೆ. ಕೇರಿಯ ಹೆಂಗಸರು ಸಾಲಾಗಿ ಬಂದರು. ಅವರು ನೋಡಿದ್ದು ಕಾರ್ಡನ್ನಲ್ಲ, ಗಂಗಕ್ಕನ ಸೀರೆ ಚೂರನ್ನು. ತಮ್ಮ ಚೂರು ಎಲ್ಲಿದೆ ಎಂದು ಕೊಟ್ಟಿಗೆಗೆ ನುಗ್ಗಿದರು. ಒಬ್ಬಳದು ಮದುವೆ ಸೀರೆಯದಂತೆ.

ಇವತ್ತು ಗುಜರಿ ಸಾಬರು ಬಂದರು. ಮಾವ ಅಂಗಳಕ್ಕಿಳಿದು, "ಇಲ್ಲ" ಎಂದರು. ಆತು ಅಲ್ಲ — ಇಲ್ಲ. ನನಗೆ ಚಪ್ಪಾಳೆ ಹೊಡೆಯಬೇಕೆನಿಸಿತು. ಸಾಬರು ಬೇಸರಪಡದೆ ಚಾ ಕುಡಿದು, ಗೋಡೆ ನೋಡಿ, ಈದ್ ಕಾರ್ಡಿಗೆ ತಮ್ಮ ಮನೆಗೂ ಇಂಥದೊಂದು ಆಗಬಹುದೇ ಎಂದು ಕೇಳಿ ಹೋದರು.

ನಾಳೆ ಬಲೆ ಬಿಚ್ಚುವುದು. ಅವರವರ ತುಂಡು ಅವರವರ ಮನೆಗೆ. ಕೊಟ್ಟಿಗೆಯೂ ಖಾಲಿ, ಇವರಿಗೂ ಸಮಾಧಾನ.

೧೬ ಜನವರಿ, ಭಾನುವಾರ

ದಡದ ಮರಳಿನ ಮೇಲೆ ಇಡೀ ಬಲೆ ಹರವಿದರು. ನಾನು ನೋಡಿದ್ದು ಇದೇ ಮೊದಲು. ಇಷ್ಟು ದೊಡ್ಡದೆಂದು ಯಾರೂ ನನಗೆ ಹೇಳಿರಲಿಲ್ಲ. ಗಂಡಸರು ಹೆಂಗಸರು ಸಾಲಾಗಿ ಕೂತು ಗಂಟು ಬಿಚ್ಚಿದರು. ಕತ್ತರಿ ತಂದವರು ಮನೆಗೆ ಹೋಗಿ ಎಂದು ಅತ್ತೆ ನನ್ನ ಮುಖ ನೋಡಿಯೇ ಕೂಗಿದರು. ಎಲ್ಲರೂ ನಕ್ಕರು. ನಾನೂ.

ಕೊನೆಯಲ್ಲಿ ಅತ್ತೆಯ ಹಸಿರು ಚೂರಿನ ತುಂಡು, ನಮ್ಮ ಮನೆಯದು, ಉಳಿಯಿತು. ತಿಮ್ಮಪ್ಪ ಅದನ್ನು ಮಡಚಿ ಹೆಗಲಿಗೆ ಹಾಕಿಕೊಂಡ. "ನಂದು ನಿಮ್ಮನೆ ಗೋಡೆ ಮೇಲೇ ಇರ್ಲಿ. ಇದು ನಂಗೆ."

ಮಾವ "ಆತು" ಎಂದರು. ಅದೇ ಮಾತು. ಆದರೆ ಕಣ್ಣು ತುಂಬಿತ್ತು. ನನ್ನದೂ.

೧೮ ಜನವರಿ, ಮಂಗಳವಾರ. ಸಂಜೆ

ಮಾವ ಕಾರ್ಡು ಬೇಕೆಂದರು. ತಿಮ್ಮಪ್ಪನಿಗೆ. ಹೊಸ ವರ್ಷ ಹಳತಾಯಿತು ಮಾವ ಎಂದರೆ ಕೇಳುವುದಿಲ್ಲ. ಅಲ್ಲಿ ನಮ್ಮ ತುಂಡು ಗೋಡೆಗೇರಿದೆಯಂತೆ, ಹಾಕಲು ಒಂದು ಕಾರ್ಡೂ ಇಲ್ಲವಂತೆ. ಕೈಯಲ್ಲಿ ಕೊಟ್ಟು ಬರುತ್ತೇನೆ ಎಂದರೆ ಅದೂ ಬೇಡ. ಅಂಚೆ ಚೀಟಿ ಹಚ್ಚಿ ಪೋಸ್ಟಿನಲ್ಲೇ ಹೋಗಬೇಕು. ನಾನು ಗೆಳತಿಯರಿಗೆ ಕಳಿಸಿ ಉಳಿದದ್ದು ಹಡಗಿನ ಚಿತ್ರದ್ದೊಂದೇ. ಟ್ರಾಲರ್ ಹಾಗೆ ಕಾಣುತ್ತದೆ, ಪರವಾಗಿಲ್ಲ ಎಂದರು.

ಎಂತ ಬರೆಯಬೇಕೆಂದು ಯೋಚಿಸುತ್ತ ಕೂತಿದ್ದಾರೆ. ಅಷ್ಟರೊಳಗೆ ನಾನು ಇದನ್ನು ಬರೆಯುತ್ತಿದ್ದೇನೆ. ಈಗ ಹೇಳಿದರು: "ಬರೆ. ನಿನ್ನ ತುಂಡು ಚೆಂದ ಅದೆ. ಬೆಂಡು ಮೇಲೇ ಅದೆ. ಕಾಣೂಕೆ ಬಾ."

ಅಂಗಳದಲ್ಲಿ ಯಾರೋ ಕೆಮ್ಮಿದರು. ತಿಮ್ಮಪ್ಪ. ಕೈಯಲ್ಲೊಂದು ಕಾರ್ಡಿನ ಕವರು, ಚೀಟಿ ಹಚ್ಚಿದ್ದು, ಪೋಸ್ಟಿಗೆ ಹಾಕುವಷ್ಟು ತಾಳ್ಮೆ ಇರಲಿಲ್ಲವೇನೋ. ಮಾವ ನಮ್ಮ ಕಾರ್ಡನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಚಾಕ್ಕೆ ನೀರಿಡಬೇಕು. ಇನ್ನೊಂದು ಕ್ಲಿಪ್ಪು ಎಲ್ಲಿ —