ಕಡ್ಡಿ ಚುಚ್ಚಿದ ಸಸಿಗಳು

ಅಕ್ಕಾ,

ಬಚ್ಚಲಲ್ಲಿ ಬಕೆಟ್ ಇದೆ, ನೋಡದೆ ಒದ್ದುಬಿಡಬೇಡ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುವುದು ಬದನೆ ಸಸಿ. ಬಿಸಿಲು ಇಳಿದ ಮೇಲೆ ನೀನೇ ನೆಡು, ನಾನು ಮುಟ್ಟುವುದಿಲ್ಲ.

ನಿನ್ನ ಮೊದಲಿನ ಸಸಿಗಳನ್ನು ಕಿತ್ತುಹಾಕಿದ್ದು ಪಕ್ಕದ ಮನೆ ಟೈಲರ್ ಆಂಟಿಯ ಕೋಳಿಗಳಲ್ಲ. ನಾನು. "ಕಳೆ ಕೀಳುವಾಗ ಕಡ್ಡಿ ಚುಚ್ಚಿರೋದನ್ನ ಸ್ವಲ್ಪ ನೋಡ್ಕೋ" ಅಂತ ನೀನು ಹೇಳಿದ್ದೆ. ಜೋಪಾನ ಮಾಡು ಅಂತ ನಿನ್ನ ಅರ್ಥ. ಆದರೆ ನೀನು ಯಾರನ್ನಾದರೂ "ನೋಡ್ಕೋತೀನಿ" ಅಂದರೆ ಅವರ ಕಥೆ ಮುಗಿದ ಹಾಗೇ ಅಲ್ಲವಾ? ಕಡ್ಡಿ ಇದ್ದಲ್ಲೆಲ್ಲ ಬೇರುಸಮೇತ ನೋಡಿಕೊಂಡೆ. ಕಳೆ ಮಾತ್ರ ಸೊಂಪಾಗಿದೆ.

ನೀನು ಬಂದು ಕಿರುಚಿದಾಗ ನನ್ನ ಬಾಯಿಗೆ ಬಂದದ್ದು ಕೋಳಿ. ನೀನು ಗೋಡೆ ಹತ್ತಿರ ಹೋಗಿ ಆಂಟಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರೆ, ನಾನು ಒಳಗೆ ಫ್ಯಾನ್ ಜೋರು ಮಾಡಿಕೊಂಡು ಕೂತಿದ್ದೆ. ಆವತ್ತಿನಿಂದ ಆ ಕೋಳಿಗಳು ಗೂಡು ಬಿಟ್ಟು ಹೊರಗೆ ಬಂದಿಲ್ಲ.

ಈ ಸಸಿ ಕೊಟ್ಟವರೂ ಅವರೇ. ಬೆಳಿಗ್ಗೆ ಗೋಡೆ ಮೇಲಿಂದ ಕೈ ಚಾಚಿ, "ಅಕ್ಕನಿಗೆ ಕೊಡಪ್ಪ. ಈ ಸಲ ನೀನು ಕೀಳೋಕೆ ಹೋಗ್ಬೇಡ" ಅಂದರು. ಆವತ್ತು ಎಲ್ಲಾ ನೋಡಿದ್ದಾರೆ ಅಕ್ಕಾ! ನೋಡಿಯೂ ನಿನ್ನ ಮುಂದೆ ತುಟಿ ಬಿಚ್ಚಿರಲಿಲ್ಲ. ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಅವರ ಮನೆಗೇ ಹೋಗಿದ್ದೇನೆ. ತಪ್ಪಾಯ್ತು ಅಂತ ಹೇಳಿ, ಆ ಗೂಡಿನ ಬಾಗಿಲು ತೆಗೆಸಿಯೇ ಬರುತ್ತೇನೆ. ನೀನೂ ಬಂದು ಒಂದು ಮಾತು ಹೇಳು. ನನ್ನನ್ನು ಆಮೇಲೆ ನೋಡಿಕೊಳ್ಳುವೆಯಂತೆ.