ಡೇಗೆಯ ಕಣ್ಣು

ಕುವೈತ್, ಜನವರಿ 14, ಮಂಗಳವಾರ

ಅಬು ಮಿಶಾರಿಯ ಕೈಗೆ ಬೇಟೆಯ ಡೇಗೆ ಸಿಕ್ಕಿದ್ದೇ ಆ ಹಕ್ಕಿಯ ದುರದೃಷ್ಟ. ಸತ್ತ ಮೇಲೆ, ಸತ್ತ ಪ್ರಾಣಿಪಕ್ಷಿಗಳ ಚರ್ಮ ತುಂಬಿಸಿ ಜೀವಂತದಂತೆ ನಿಲ್ಲಿಸುವ ನನ್ನಲ್ಲಿಗೆ ತಂದು, "ರೆಕ್ಕೆ ಬಿಚ್ಚಿ ಬೇಟೆ ಮೇಲೆ ಎರಗೋ ಹಂಗೆ ನಿಲ್ಲಿಸಿ ಉಸ್ತಾದ್, ಮರುಭೂಮಿನೇ ನಡುಗಿಸಿದ್ದು ಇದು" ಅಂದಿದ್ದ. ಚರ್ಮ ಸುಲಿದರೆ ಒಳಗೆಲ್ಲ ಕೊಬ್ಬು. ಕೂತು ಕೂತೇ ಅಂಗಾಲು ಹುಣ್ಣಾಗಿತ್ತು. ಪಾಪದ್ದು ಬೇಟೆಯಾಡಿದ್ದು ಅವನ ದಿವಾನಖಾನೆಯ ಏಸಿಯಲ್ಲಿ, ತಟ್ಟೆಯಲ್ಲಿಟ್ಟ ಮಾಂಸವನ್ನು.

ಆದರೂ ನಾನು ಕೆಲಸದಲ್ಲಿ ಮೋಸ ಮಾಡಲಿಲ್ಲ. ಎಲುಬುಗಳ ಅಳತೆ ಹಿಡಿದು, ಚರ್ಮದೊಳಗೆ ಕೂರಿಸಲು ಒಳಮೈ ಕೆತ್ತಿದೆ. ಗಾಜಿನ ಕಣ್ಣಿಗೆ ಹಿಂದಿನಿಂದ ಕಡುಗಂದು ಬಣ್ಣ ಹಚ್ಚಿದೆ. ಅದರಲ್ಲಿ ಜೀವ ಕಾಣುವವರೆಗೆ ಊಟ ರುಚಿಸಲಿಲ್ಲ.

ಇವತ್ತು ಬಂದವನು ಮುಖ ಸಿಂಡರಿಸಿದ. "ಕಣ್ಣು ತಪ್ಪಾಗಿದೆ. ಹಳದಿ ಇರ್ಬೇಕು."

"ಹಳದಿ ಇರೋದು ಗಿಡುಗಕ್ಕೆ, ಡೇಗೆಗಲ್ಲ."

"ನನ್ನ ಹಕ್ಕಿ ನನಗೆ ಗೊತ್ತಿಲ್ವಾ? ಇಷ್ಟು ವರ್ಷ ಕೈ ಮೇಲೆ ಕೂರಿಸ್ಕೊಂಡಿದೀನಿ."

ಕೂರಿಸಿಕೊಂಡಿದ್ದ, ನಿಜ. ಅತಿಥಿಗಳ ಎದುರು, ಕಣ್ಣಿಗೆ ತೊಗಲಿನ ಮುಸುಕು ಹಾಕಿಸಿ. ಮುಸುಕು ತೆಗೆದು ತಿನ್ನಿಸುತ್ತಿದ್ದವನು ಆಳು. ಇಂಥವನ ಜೊತೆ ವಾದ ಮಾಡುವುದೂ ಹೇಸಿಗೆ ಎನಿಸಿತು. ಹಕ್ಕಿಯ ಜೊತೆ ಅವನೇ ಕೊಟ್ಟಿದ್ದ ಮುಸುಕನ್ನು ತೆಗೆದು ಅದರ ತಲೆಗೆ ತೊಡಿಸಿದೆ.

ಅವನ ಮುಖ ಅರಳಿತು. "ಹಾಂ, ಈಗ ನೋಡಿ. ಇದು ನನ್ನ ಹಕ್ಕಿ."

ಹಾಗೇ ಎತ್ತಿಕೊಂಡು ಹೋದ. ಕಣ್ಣು ಮುಚ್ಚಿಕೊಂಡು ಬೇಟೆಯ ಮೇಲೆ ಎರಗುತ್ತಿರುವ ಡೇಗೆಯನ್ನು ನೋಡಿ ಈಗ ಅತಿಥಿಗಳೆಲ್ಲ ತಲೆದೂಗುತ್ತಿರಬೇಕು. ಆ ಕಣ್ಣುಗಳನ್ನಾದರೂ ನಾನು ಕಳಚಿ ಇಟ್ಟುಕೊಳ್ಳಬೇಕಿತ್ತು. ಅವನಿಗೆಲ್ಲಿ ಗೊತ್ತಾಗುತ್ತಿತ್ತು, ಸಾಯುವವರೆಗೂ ಆ ಮುಸುಕು ತೆಗೆದು ನೋಡುವವನಲ್ಲ ಅವನು.