ರಕ್ಕಸನ ಕೋರೆಹಲ್ಲು

ವಾರ್ಡ್ ನಂಬರ್ ನಾಲ್ಕು
17ನೇ ತಾರೀಖು, ಮಂಗಳವಾರ ಮಧ್ಯಾಹ್ನ

ನೆರೆದಿರುವ ಮಹಾಜನರೇ, ಮುಂದಿನ ಸಾಲಿನ ದೊಡ್ಡವರೇ, ಹಿಂದೆ ಬೆಂಚು ಹತ್ತಿ ನಿಂತ ಪುಣ್ಯಾತ್ಮರೇ! ಇಗೋ, ರಕ್ಕಸರಾಜ ಬಂದ!

ಸಾಕು. ಮಹಾಜನವೂ ನೀನೇ, ಪುಣ್ಯಾತ್ಮನೂ ನೀನೇ ಕಣೋ ಬಣ್ಣದಯ್ಯ. ನಲವತ್ತು ವರ್ಷ ನನ್ನ ಮುಖಕ್ಕೆ ಬಣ್ಣ ಹಚ್ಚಿದವನಿಗೆ ಹದಿನಾಲ್ಕು ತಿಂಗಳು ಒಂದು ಸಾಲೂ ಬರೆಯಲಿಲ್ಲ. ಬೈಯಬೇಡ. ಬೈದರೂ ಇವತ್ತೇ ಬೈಯಿ, ತಿರುಗಿ ಬೈಯಲು ನನಗೆ ಉಳಿದಿರುವುದು ಇದೊಂದೇ ದಿನ.

ನಾಳೆ ಎಂಟಕ್ಕೆ ಆಪರೇಷನ್. ಬಾಯಿಯ ಕ್ಯಾನ್ಸರ್. ಅರ್ಧ ನಾಲಿಗೆ, ಎಡದವಡೆಯ ಒಂದು ತುಂಡು, ಅಷ್ಟೂ ಕತ್ತಿಯ ಪಾಲು. "ಮಾತು ಬರುತ್ತೆ, ಆದ್ರೆ ಬೇರೆಯವರಿಗೆ ಅರ್ಥ ಆಗೋದು ಕಷ್ಟ" ಅಂದರು ಡಾಕ್ಟರು. "ಅದಕ್ಕೇನು ಸ್ವಾಮಿ, ನಮ್ಮ ನಾಟಕ ಕಂಪನಿ ಮಾಲೀಕರ ಮಾತು ಇಪ್ಪತ್ತು ವರ್ಷದಿಂದ ಯಾರಿಗೂ ಅರ್ಥ ಆಗಿಲ್ಲ, ಕಂಪನಿ ನಡೀತಾನೇ ಇದೆ" ಅಂದೆ. ಅವರು ನನ್ನ ಗಲ್ಲ ಹಿಡಿದು, ಕೊಯ್ಯುವ ಜಾಗಕ್ಕೆ ನೇರಳೆ ಪೆನ್ನಿನಲ್ಲಿ ಗೆರೆ ಎಳೆದು ಹೋದರು. ಕನ್ನಡಿ ನೋಡಿದೆ. ನಿನ್ನ ಕೈಯ ಗೆರೆಯ ಮುಂದೆ ಅದು ಏನೇನೂ ಅಲ್ಲ.

ಭಯ ಹೇಗಿದೆ ಗೊತ್ತೇ? ಪರದೆ ಏಳುವ ಮುಂಚೆ ಹಿಡಿಯುತ್ತಿತ್ತಲ್ಲ, ಅದೇ. ಆಗೆಲ್ಲ ಮೊದಲ ಮಾತು ಬಾಯಿಗೆ ಬಂದೊಡನೆ ಇಳಿದುಬಿಡುತ್ತಿತ್ತು. ಅದಕ್ಕೇ ಬೆಳಗಿನಿಂದ ಹಳೆಯ ಪಾತ್ರಗಳ ಮಾತನ್ನೆಲ್ಲ ಗರ್ಜಿಸುತ್ತಿದ್ದೇನೆ. "ಅಜ್ಜಾ, ಮೆಲ್ಲಗೆ! ಪಕ್ಕದವರ ಬಿಪಿ ಏರ್ತಿದೆ" ಎಂದು ನರ್ಸಮ್ಮ ಎರಡು ಸಲ ಗದರಿದಳು. ಪಕ್ಕದ ಹಾಸಿಗೆಯ ಟೈಲರ್, "ಬಿಡಿ ಸಿಸ್ಟರ್, ನಾಳೆಯಿಂದ ನಿಮಗೇ ಬೇಜಾರಾಗುತ್ತೆ" ಅಂದ. ಅವನ ಕತ್ತರಿ ಮುರಿಯಲಿ! ಗರ್ಜನೆ ಬಿಟ್ಟು ಈ ಕಾಗದ ಹಿಡಿದೆ.

ಇನ್ನು ನಿನ್ನ ವಿಷಯ. ಆವತ್ತು ಕೆನ್ನೆಯೊಳಗಿನ ಹುಣ್ಣು ತೋರಿಸಿ, ರಕ್ಕಸನ ಪಾತ್ರಕ್ಕೆ ನೀನು ಮಾಡಿಕೊಟ್ಟ ಕೋರೆಹಲ್ಲು ಚುಚ್ಚಿ ಹೀಗಾಯಿತು ಎಂದು, ಇಡೀ ಕಂಪನಿಯ ಎದುರು ಅವನ್ನು ನಿನ್ನ ಮುಖಕ್ಕೇ ಎಸೆದೆ. "ಹಲ್ಲು ಅಲ್ಲಿಗೆ ತಾಗೋದೇ ಇಲ್ಲ ಕಣೋ. ಬಾಯಲ್ಲಿರೋ ಹೊಗೆಸೊಪ್ಪು ಉಗಿದು ಡಾಕ್ಟರ್ ಹತ್ರ ಹೋಗು" ಅಂದೆ ನೀನು. "ಕೈ ನಡುಗೋ ಮುದುಕ, ನನಗೆ ಬುದ್ಧಿ ಹೇಳ್ತಾನೆ" ಅಂದೆ ನಾನು. ಮಾಲೀಕರು ನಂಬಿದ್ದು ನನ್ನನ್ನು. ನೀನು ಬಣ್ಣದ ಪೆಟ್ಟಿಗೆ ಹೊತ್ತು ಹೊರಟೆ. ಆವತ್ತಿನ ನಾಟಕಕ್ಕೆ ನನಗೆ ಎಂದಿಗಿಂತ ಜೋರು ಚಪ್ಪಾಳೆ ಬಿತ್ತು.

ಮಕ್ಕಳು ಮೊಮ್ಮಕ್ಕಳೊಂದಿಗೆ ಚೆನ್ನಾಗಿರು. ನಿನ್ನ ಕೈ ಎಂದೂ ನಡುಗದಿರಲಿ.

ಇಂತಿ ನಿನ್ನ,
ಗುಡುಗು

ತಾ.ಕ.: ಆವತ್ತು ಜಗಳಕ್ಕೆ ಮುಂಚೆಯೇ ನಾನು ಕನ್ನಡಿಯ ಮುಂದೆ ಆ ಹಲ್ಲು ಕಟ್ಟಿ, ಬಾಯಿ ಅಗಲಿಸಿ ನೋಡಿದ್ದೆ. ಹಲ್ಲಿಗೂ ಹುಣ್ಣಿಗೂ ಎರಡು ಬೆರಳು ಅಂತರ. ಹಲ್ಲಲ್ಲದಿದ್ದರೆ ಮತ್ತೇನು ಎಂದು ಕೇಳುವ ಧೈರ್ಯ ಈ ರಕ್ಕಸನಿಗೆ ಇರಲಿಲ್ಲ. ತಪ್ಪು ನಿನ್ನದಾದರೆ ನನ್ನದು ಬರೀ ಹುಣ್ಣು. ಅಷ್ಟಕ್ಕಾಗಿ ನಿನ್ನ ಅನ್ನ ಕಿತ್ತೆ. ನಾಳೆ ಬೆಳಿಗ್ಗೆ ಆರಕ್ಕೆ, ಸ್ಟ್ರೆಚರ್ ಬರುವ ಮೊದಲು, ಮಾಲೀಕರಿಗೆ ಫೋನ್ ಮಾಡುತ್ತೇನೆ. ಕಂಪನಿಯವರನ್ನೆಲ್ಲ ಸುತ್ತ ನಿಲ್ಲಿಸಿ ಸ್ಪೀಕರ್ ಹಾಕಿಸುತ್ತೇನೆ. ಹಲ್ಲು ಸರಿಯಾಗಿತ್ತು, ಸುಳ್ಳು ಹೇಳಿದ್ದು ನಾನು ಎನ್ನುತ್ತೇನೆ. ಪೂರ್ತಿ ನಾಲಿಗೆಯಲ್ಲಿ, ಕೊನೆಯ ಸಾಲಿನವರಿಗೂ ಕೇಳುವ ಹಾಗೆ.